ಯೂರೋವಿಷನ್ ರಾತ್ರಿ ನಮ್ಮನೆಯಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂದರೆ ಸಾಕು, ನನ್ನ ಫೋನಿಗೆ ಈ ಪ್ರಶ್ನೆಗಳು ಶುರುವಾಗುತ್ತವೆ. ನಾವು ಹುಬ್ಬಳ್ಳಿಯವರು, ಈಗ ಇರುವುದು ಮ್ಯೂನಿಕ್‌ನಲ್ಲಿ. 2018ರಿಂದ ಯೂರೋವಿಷನ್ ಹಾಡಿನ ಸ್ಪರ್ಧೆಯ ಫೈನಲ್ ದಿನ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತೇವೆ. ಒಟ್ಟಿಗೆ ಊಟ, ಒಟ್ಟಿಗೆ ಹಾಡು ಕೇಳುವುದು, ಒಟ್ಟಿಗೆ ಮಾರ್ಕ್ಸ್ ಹಾಕುವುದು. ಯೂರೋಪಿನ ಬೇರೆ ಬೇರೆ ಊರಲ್ಲಿರುವ ಕನ್ನಡದ ಗೆಳೆಯರು ತಮ್ಮನೆಯಲ್ಲೂ ಮಾಡಬೇಕು ಅಂತ ಕೇಳುತ್ತಿರುತ್ತಾರೆ. ಎಲ್ಲರಿಗೂ ಹೇಳಿದ್ದನ್ನು ಇಲ್ಲಿ ಒಂದು ಕಡೆ ಬರೆದಿದ್ದೇನೆ.

ಯೂರೋವಿಷನ್ ಅಂದರೆ ಏನು? ನಮಗೆ ಗೊತ್ತೇ ಇಲ್ಲವಲ್ಲ.

ದೇಶ ದೇಶಗಳ ನಡುವಿನ ಹಾಡಿನ ಸ್ಪರ್ಧೆ. ಯೂರೋಪಿನ ಸಾರ್ವಜನಿಕ ಟಿವಿ ಸಂಸ್ಥೆಗಳ ಒಕ್ಕೂಟ ಇದನ್ನು ನಡೆಸುತ್ತದೆ. ಮೊದಲ ಸಲ ನಡೆದಿದ್ದು 1956ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ. ಆಗ ಇದ್ದಿದ್ದು 7 ದೇಶ. ಕೊರೊನಾದಿಂದ 2020ರಲ್ಲಿ ಒಂದು ಸಲ ನಿಂತಿದ್ದು ಬಿಟ್ಟರೆ ಪ್ರತಿ ವರ್ಷ ನಡೆದಿದೆ.

ಒಂದು ದೇಶಕ್ಕೆ ಒಂದು ಹೊಸ ಹಾಡು. ಹಾಡು 3 ನಿಮಿಷ ಮೀರಬಾರದು. ವೇದಿಕೆ ಮೇಲೆ 6 ಜನಕ್ಕಿಂತ ಜಾಸ್ತಿ ಇರಬಾರದು. ಮುಖ್ಯ ಗಾಯಕರು ಅಲ್ಲೇ, ಆಗಲೇ ಹಾಡಬೇಕು. ಪ್ರಾಣಿಗಳನ್ನು ತರುವಂತಿಲ್ಲ. ಗೆದ್ದ ದೇಶದಲ್ಲಿ ಸಾಮಾನ್ಯವಾಗಿ ಮುಂದಿನ ವರ್ಷದ ಸ್ಪರ್ಧೆ. 2025ರಲ್ಲಿ ಬಾಸೆಲ್‌ನಲ್ಲಿ ಆಸ್ಟ್ರಿಯಾದ ಜೆಜೆ ಗೆದ್ದರು, ಹಾಗಾಗಿ 2026ರ ಆತಿಥ್ಯ ವಿಯೆನ್ನಾದ್ದು.

ಯಾವತ್ತು, ಎಷ್ಟು ಹೊತ್ತಿಗೆ?

ಮೇ ತಿಂಗಳಲ್ಲಿ. ಮಂಗಳವಾರ ಮತ್ತು ಗುರುವಾರ ಸೆಮಿಫೈನಲ್, ಶನಿವಾರ ಫೈನಲ್. 2026ರ ಫೈನಲ್ ಮೇ 16ರಂದು. ಜರ್ಮನಿಯಲ್ಲಿ ರಾತ್ರಿ 9ಕ್ಕೆ ಶುರು, ಬ್ರಿಟನ್ನಿನಲ್ಲಿ 8ಕ್ಕೆ, ಬೆಂಗಳೂರಿನಲ್ಲಿ ಆಗ ಮಧ್ಯರಾತ್ರಿ ದಾಟಿ 12.30. ಮುಗಿಯುವಾಗ ಇಲ್ಲಿ ರಾತ್ರಿ ಒಂದರ ಹತ್ತಿರ ಆಗಿರುತ್ತದೆ.

ಅಂದಾಜು ಲೆಕ್ಕ ಹೀಗಿದೆ. ಮೊದಲು ಎಲ್ಲಾ ದೇಶದವರು ಬಾವುಟ ಹಿಡಿದು ವೇದಿಕೆಗೆ ಬರುತ್ತಾರೆ. ಆಮೇಲೆ ಒಂದರ ಹಿಂದೆ ಒಂದು ಹಾಡು, ನಡುವೆ ಪುಟ್ಟ ವೀಡಿಯೊ. 11 ಗಂಟೆ ಹೊತ್ತಿಗೆ ಹಾಡುಗಳು ಮುಗಿಯುತ್ತವೆ. ಮುಂದಿನ ಮುಕ್ಕಾಲು ಗಂಟೆ ಅತಿಥಿ ಕಲಾವಿದರ ಕಾರ್ಯಕ್ರಮ, ಜನರ ಮತದಾನ. ಆಮೇಲೆ ಫಲಿತಾಂಶ. ಊಟ ತಿಂಡಿ ಎಲ್ಲಾ ಈ ಲೆಕ್ಕಕ್ಕೆ ಹೊಂದಿಸಬೇಕು. ಅತಿಥಿಗಳಿಗೆ 7.30ಕ್ಕೆ ಬನ್ನಿ ಅನ್ನಿ. 9ಕ್ಕೆ ಬನ್ನಿ ಅಂದರೆ ಮೊದಲ ನಾಲ್ಕು ಹಾಡು ಚಪ್ಪಲಿ ಬಿಡುವುದರಲ್ಲೇ ಹೋಗುತ್ತವೆ.

ಎಷ್ಟು ಜನರನ್ನು ಕರೆಯಬೇಕು?

ಎಲ್ಲರಿಗೂ ಟಿವಿ ಕಾಣುವಷ್ಟು ಜನ. ನಮ್ಮ ಹಾಲ್‌ಗೆ 12 ಸರಿಯಾಗುತ್ತದೆ. ಒಮ್ಮೆ 19 ಜನ ಬಂದಿದ್ದರು. ಹಿಂದೆ ನಿಂತವರು ತಮ್ಮಷ್ಟಕ್ಕೆ ಮಾತಿಗಿಳಿದರು, ಮುಂದಿನವರಿಗೆ ಹಾಡು ಕೇಳಲಿಲ್ಲ. ಇದು ಕೇಳುವ ಕಾರ್ಯಕ್ರಮ. ಕ್ರಿಕೆಟ್ ಮ್ಯಾಚ್ ಹಾಕಿದ ಹಾಗೆ ಟಿವಿ ಒಂದು ಕಡೆ, ಮಾತು ಒಂದು ಕಡೆ ನಡೆಯುವುದಿಲ್ಲ.

ಥೀಮ್ ಏನಿಡಬೇಕು?

ಬಾವುಟದ ತೋರಣ, ಬಲೂನು, ಮಿಂಚುವ ಕಾಗದ ಎಲ್ಲಾ ಇದ್ದರೆ ಚೆಂದ, ಇಲ್ಲದಿದ್ದರೂ ಏನೂ ಕಮ್ಮಿಯಾಗದು. ನನ್ನ ಅನುಭವದಲ್ಲಿ ಪಾರ್ಟಿ ಗೆಲ್ಲುವುದು ಒಂದೇ ಒಂದು ಕೆಲಸದಿಂದ: ಪ್ರತಿಯೊಬ್ಬರ ಕೈಗೂ ಒಂದು ದೇಶ ಕೊಡಿ.

ನಾವು ಮಾಡುವುದು ಹೀಗೆ. ಎರಡು ವಾರ ಮುಂಚೆ ದೇಶಗಳ ಹೆಸರು ಬರೆದು ಚೀಟಿ ಮಾಡುತ್ತೇನೆ. ಅವನ್ನು ಸ್ಟೀಲ್ ಡಬ್ಬಿಗೆ ಹಾಕಿ, ನನ್ನ ಮಗಳು ವೀಡಿಯೊ ಕಾಲ್‌ನಲ್ಲಿ ಎಲ್ಲರ ಎದುರಿಗೆ ಎತ್ತುತ್ತಾಳೆ. ಇನ್ನೂ ಸೆಮಿಫೈನಲ್ ಆಗಿರುವುದಿಲ್ಲ, ಹಾಗಾಗಿ ಒಬ್ಬರಿಗೆ ಮೂರು ಚೀಟಿ. 2026ರಲ್ಲಿ 35 ದೇಶ ಸ್ಪರ್ಧೆಯಲ್ಲಿವೆ, 12 ಜನಕ್ಕೆ ಹೆಚ್ಚುಕಮ್ಮಿ ಸರಿಹೋಗುತ್ತದೆ. ಮೂರೂ ಸೆಮಿಫೈನಲ್‌ನಲ್ಲೇ ಹೊರಬಿದ್ದವರಿಗೆ ಆತಿಥೇಯ ದೇಶ ಕೊಡುತ್ತೇವೆ, ಅದಕ್ಕೆ ಫೈನಲ್‌ನಲ್ಲಿ ನೇರ ಜಾಗ ಇರುತ್ತದೆ. ಆ ಚೀಟಿಯನ್ನು ಡಬ್ಬಿಗೆ ಹಾಕದೆ ಎತ್ತಿಟ್ಟಿರಬೇಕು.

ಚೀಟಿ ಬಂದವರಿಗೆ ಮೂರು ಕೆಲಸ. ಆ ದೇಶದ ಹಾಡನ್ನು ಮೊದಲೇ ಕೇಳಿಕೊಂಡು ಬರುವುದು. ಹಾಡಿನ ಅರ್ಥ ತಿಳಿದುಕೊಳ್ಳುವುದು. ಆ ದೇಶದ ಒಂದು ತಿಂಡಿ ಅಥವಾ ಆ ದೇಶದ ಬಣ್ಣದ ಬಟ್ಟೆ, ಎರಡರಲ್ಲಿ ಒಂದು. ಇಷ್ಟು ಮಾಡಿದರೆ ನೋಡಿ, ನಕ್ಷೆಯಲ್ಲಿ ಮಾಲ್ಡೋವಾ ಎಲ್ಲಿದೆ ಅಂತ ತಿಳಿಯದವರೂ ಮಾಲ್ಡೋವಾಕ್ಕಾಗಿ ರಾತ್ರಿ ಒಂದರವರೆಗೆ ಕಣ್ಣು ಬಿಟ್ಟುಕೊಂಡು ಕೂತಿರುತ್ತಾರೆ.

ಇನ್ನೊಂದು ದಾರಿ ಆತಿಥೇಯ ಊರನ್ನೇ ಥೀಮ್ ಮಾಡುವುದು. 2025ರಲ್ಲಿ ಬಾಸೆಲ್ ಅಂತ ಆಲೂಗಡ್ಡೆ ತುರಿದು ರೋಸ್ಟಿ ಮಾಡಿದ್ದೆವು. ವಿಯೆನ್ನಾ ಅಂದರೆ ಕಾಫಿ, ಸೇಬಿನ ಸ್ಟ್ರೂಡೆಲ್. ನಾನು ನಮ್ಮ ಫಿಲ್ಟರ್ ಕಾಫಿಯನ್ನೂ ಪಕ್ಕದಲ್ಲಿ ಇಡುವವಳು. ಕಾಫಿಗೆ ಮರ್ಯಾದೆ ಕೊಡುವ ಊರು ಅದು, ಬೇಜಾರು ಮಾಡಿಕೊಳ್ಳುವುದಿಲ್ಲ.

ಬಟ್ಟೆ ಏನು ಹಾಕಿಕೊಳ್ಳಬೇಕು? ಹೊಸದು ತರಬೇಕಾ?

ಬೇಡ. ಬೀರುವಿನಲ್ಲೇ ಹುಡುಕಿ. ನೀಲಿ ಹಳದಿ ಸೀರೆ ಸ್ವೀಡನ್ನಿಗೂ ಆಯಿತು, ಯುಕ್ರೇನಿಗೂ ಆಯಿತು. ಒಂದು ವರ್ಷ ಸ್ಪೇನ್ ಚೀಟಿ ಬಂದ ಗೆಳೆಯರೊಬ್ಬರು ರಾಜ್ಯೋತ್ಸವಕ್ಕೆ ಹೊದ್ದುಕೊಳ್ಳುವ ಅರಿಶಿನ ಕುಂಕುಮ ಬಣ್ಣದ ಶಾಲು ಹೊದ್ದು ಬಂದರು. ಬಾಗಿಲು ತೆಗೆದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಡುಗೆ ಏನು ಮಾಡಬೇಕು?

ತಟ್ಟೆ ಹಿಡಿದು ಕಲಸಿ ತಿನ್ನುವ ಊಟ ಹಾಡು ಶುರುವಾಗುವ ಮುಂಚೆ ಮುಗಿಯಬೇಕು. 9ರ ನಂತರ ಒಂದೇ ಕೈಯಲ್ಲಿ ತಿನ್ನುವಂಥದ್ದು ಮಾತ್ರ. ಇನ್ನೊಂದು ಕೈಯಲ್ಲಿ ಪೆನ್ನು ಇರುತ್ತದೆ, ಮಾರ್ಕ್ಸ್ ಹಾಕಲು. ಕೋಡುಬಳೆ, ನಿಪ್ಪಟ್ಟು, ಸಣ್ಣ ವಡೆ ಇಂಥವು ಸರಿ.

ಮೊದಲ ವರ್ಷ ನಾನು ಹಾಡಿನ ನಡುವೆ ಅನ್ನಕ್ಕೆ ಕುಕ್ಕರ್ ಇಟ್ಟಿದ್ದೆ. ಅತ್ತ ಹುಡುಗಿಯೊಬ್ಬಳು ಪಿಯಾನೋ ಜೊತೆ ಮೆಲ್ಲಗೆ ಹಾಡುತ್ತಿದ್ದಾಳೆ, ಇತ್ತ ಸೀಟಿ. ಅವತ್ತಿನಿಂದ 9ಕ್ಕೆ ಮುಂಚೆ ಒಲೆ ಆರಿಸುವುದು ನಮ್ಮನೆ ಕಾನೂನು.

ಅತಿಥಿಗಳು ತರುವ ತಿಂಡಿಗಳಲ್ಲಿ ನಮ್ಮ ಬಾಯಿಗೆ ಕೂಡಲೇ ಒಗ್ಗುವಂಥವು ಬಹಳ ಇವೆ. ಗ್ರೀಸಿನ ಜಾಟ್ಸಿಕಿ ನಮ್ಮ ಸೌತೆಕಾಯಿ ಮೊಸರುಬಜ್ಜಿಗೆ ಅಕ್ಕನೋ ತಂಗಿಯೋ ಆಗಬೇಕು. ಸರ್ಬಿಯಾ ಕಡೆಯ ಐವಾರ್ ಅಂದರೆ ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿಯ ಗೊಜ್ಜು, ಚಪಾತಿಗೂ ಚೆನ್ನ. ಯುಕ್ರೇನಿನ ವರೆನಿಕಿ ಆಲೂಗಡ್ಡೆ ಹೂರಣದ ಕಡುಬು. ಜಾರ್ಜಿಯಾದ ಖಾಚಾಪುರಿ ಚೀಸ್ ತುಂಬಿದ ರೊಟ್ಟಿ, ಬಿಸಿ ಇದ್ದಾಗಲೇ ತಿನ್ನಬೇಕು. ಹೀಗೆ ಒಂದೊಂದು ತಟ್ಟೆ ಮುಂದೆ ಆ ದೇಶದ ಹೆಸರು ಕನ್ನಡದಲ್ಲಿ ಬರೆದು ಚೀಟಿ ಇಡುತ್ತೇವೆ.

ನಮ್ಮನೆಯ ಮುಖ್ಯ ಐಟಂ ಗಿರ್ಮಿಟ್. ಅದಕ್ಕೆ ಹೊತ್ತು ನಿಗದಿ: 11 ಗಂಟೆ, ಹಾಡು ಮುಗಿದು ಮತದಾನ ನಡೆಯುವಾಗ. ಗೊಜ್ಜು ಮಧ್ಯಾಹ್ನವೇ ಮಾಡಿಡುತ್ತೇನೆ. ಉಳ್ಳಾಗಡ್ಡಿ, ಟೊಮ್ಯಾಟೊ, ಹಸಿಮೆಣಸಿನಕಾಯಿ ಒಗ್ಗರಣೆಯಲ್ಲಿ ಬಾಡಿಸಿ, ಅರಿಶಿನ, ಹುಣಸೆ ರಸ, ಬೆಲ್ಲ ಹಾಕಿ ಕುದಿಸಿ ಗಟ್ಟಿ ಮಾಡುವುದು. 12 ಜನಕ್ಕೆ ಅರ್ಧ ಕೆಜಿ ಚುರುಮುರಿ ಸಾಕು, ನಿಮ್ಮ ಕಡೆ ಮಂಡಕ್ಕಿ ಅಥವಾ ಕಡ್ಲೆಪುರಿ ಅನ್ನುತ್ತೀರಿ. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಕಲಸುವುದು ಮಾತ್ರ ತಿನ್ನುವ ಹೊತ್ತಿಗೇ. ದೊಡ್ಡ ಪಾತ್ರೆ ನೆಲದ ಮೇಲಿಟ್ಟು, ಗೊಜ್ಜು ಹಾಕಿ, ಪುಠಾಣಿ ಹಿಟ್ಟು ಉದುರಿಸಿ, ಕೈಯಿಂದ ಮೇಲೆ ಕೆಳಗೆ ಮಾಡಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಹಾಕಿ ತಕ್ಷಣ ಕೊಡಬೇಕು. ಹತ್ತು ನಿಮಿಷ ತಡವಾದರೆ ಮೆತ್ತಗಾಗುತ್ತದೆ. ಪಕ್ಕದಲ್ಲಿ ಮಿರ್ಚಿ ಭಜಿ ಇದ್ದರೆ ಹುಬ್ಬಳ್ಳಿಯೇ ಬಂದ ಹಾಗೆ. ಆದರೆ ಆ ಹೊತ್ತಲ್ಲಿ ಎಣ್ಣೆ ಇಡಲು ನನ್ನ ಕಾನೂನೇ ಬಿಡುವುದಿಲ್ಲ.

ನಾವು ಸಸ್ಯಾಹಾರಿಗಳು. ಏನು ನೋಡಿಕೊಳ್ಳಬೇಕು?

ಎರಡು ವಿಷಯ. ಮಕ್ಕಳು ಇಷ್ಟಪಡುವ ಗಮ್ಮಿ ಮಿಠಾಯಿಗಳಲ್ಲಿ ಬಹಳಷ್ಟಕ್ಕೆ ಜೆಲಾಟಿನ್ ಹಾಕಿರುತ್ತಾರೆ, ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರುವಂಥದ್ದು. ಇಟಲಿಯ ಪಾರ್ಮೆಸಾನ್ ತರಹದ ಕೆಲವು ಚೀಸ್‌ಗಳಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಪ್ಯಾಕೆಟ್ ಮೇಲೆ ಸಸ್ಯಾಹಾರಿ ಗುರುತು ನೋಡಿ ತನ್ನಿ. ಮೊಟ್ಟೆ ಇದ್ದರೆ ತಟ್ಟೆಯ ಚೀಟಿ ಮೇಲೆ ಬರೆಯಲು ಅತಿಥಿಗಳಿಗೆ ಮೊದಲೇ ಹೇಳಿ. ಆಸ್ಟ್ರಿಯಾದ ಕೈಸರ್‌ಶ್ಮಾರ್ನ್ ನೋಡಲು ಸಿಹಿ ದೋಸೆಯ ಚೂರಿನ ಹಾಗಿರುತ್ತದೆ, ಆದರೆ ಅದರಲ್ಲಿ ಮೊಟ್ಟೆ ಜಾಸ್ತಿ.

ಭಾಷೆಯೇ ಅರ್ಥವಾಗದ ಹಾಡನ್ನು ಏನಂತ ಕೇಳುವುದು?

ಇದನ್ನು ಪ್ರತಿ ವರ್ಷ ಕನಿಷ್ಠ ಇಬ್ಬರು ಕೇಳುತ್ತಾರೆ. ನನಗೆ ತುಂಬಾ ಇಷ್ಟದ ಪ್ರಶ್ನೆ ಇದು.

1999ರಿಂದ ಯಾವ ಭಾಷೆಯಲ್ಲಾದರೂ ಹಾಡಬಹುದು ಅಂತ ನಿಯಮ ಬಂತು. ಆಮೇಲೆ ಬಹಳಷ್ಟು ದೇಶಗಳು ಇಂಗ್ಲಿಷಿಗೆ ಹೋದವು, ನಿಜ. ಆದರೆ 2017ರಲ್ಲಿ ಪೋರ್ಚುಗಲ್ಲಿನ ಸಾಲ್ವಡೋರ್ ಸೊಬ್ರಾಲ್ ಪೋರ್ಚುಗೀಸಿನಲ್ಲಿ, ಯಾವ ಬೆಂಕಿ ಹೊಗೆ ಇಲ್ಲದೆ ಸುಮ್ನೆ ನಿಂತು ಹಾಡಿದರು. 758 ಅಂಕ ಬಂತು. 1964ರಿಂದ ಸ್ಪರ್ಧಿಸುತ್ತಿದ್ದ ದೇಶಕ್ಕೆ ಅದೇ ಮೊದಲ ಗೆಲುವು. 2021ರಲ್ಲಿ ಇಟಾಲಿಯನ್ ಹಾಡು ಗೆದ್ದಿತು, 2022ರಲ್ಲಿ ಯುಕ್ರೇನಿಯನ್. 2003ರಲ್ಲಂತೂ ಬೆಲ್ಜಿಯಂ ತಂಡ ಎಲ್ಲೂ ಇಲ್ಲದ, ತಾವೇ ಕಟ್ಟಿದ ಭಾಷೆಯಲ್ಲಿ ಹಾಡಿ ಎರಡನೇ ಸ್ಥಾನ ಪಡೆಯಿತು. ಗೆದ್ದ ಟರ್ಕಿಗಿಂತ 2 ಅಂಕ ಮಾತ್ರ ಕಮ್ಮಿ.

2025ರಲ್ಲಿ ಸ್ವೀಡನ್ ಪರವಾಗಿ ಹಾಡಿದ ಕಾಯ್ ಅನ್ನುವ ತಂಡದ ಮೂವರೂ ಫಿನ್‌ಲೆಂಡಿನವರು. ಅಲ್ಲಿನ ವೋರೊ ಅನ್ನುವ ಊರ ಕಡೆಯ ಸ್ವೀಡಿಷ್ ಆಡುಮಾತಿನಲ್ಲಿ, ಸಾವ್ನಾದ ಬಿಸಿ ಸ್ನಾನದ ಬಗ್ಗೆ ಹಾಡಿದರು. 1998ರ ನಂತರ ಸ್ವೀಡನ್ ಇಂಗ್ಲಿಷ್ ಬಿಟ್ಟು ಸ್ವೀಡಿಷ್‌ನಲ್ಲಿ ಹಾಡಿದ್ದು ಅದೇ ಮೊದಲು. ನಮ್ಮವರಾರೋ ಕುಂದಾಪ್ರ ಕನ್ನಡದಲ್ಲಿ ಎಣ್ಣೆ ಸ್ನಾನದ ಹಾಡು ಕಟ್ಟಿ ಇಷ್ಟು ದೊಡ್ಡ ವೇದಿಕೆಯಲ್ಲಿ ಹಾಡಿದರು ಅಂದುಕೊಳ್ಳಿ. ಕಾಯ್ ತಂಡಕ್ಕೆ ನಾಲ್ಕನೇ ಸ್ಥಾನ ಬಂತು. ನಮ್ಮ ಹಾಲ್‌ನಲ್ಲಿ ಕೂತಿದ್ದವರಿಗೆ ಒಂದು ಪದ ಗೊತ್ತಿಲ್ಲ, ಆದರೂ ಎರಡನೇ ಸಲ ಪಲ್ಲವಿ ಬರುವಷ್ಟರಲ್ಲಿ ಎಲ್ಲರೂ ಹಾಡುತ್ತಿದ್ದರು.

ಅದಕ್ಕೇ ನಾನು ಪ್ರತಿ ವರ್ಷ ಒಂದು ಹಾಳೆ ಮಾಡುತ್ತೇನೆ. ದೇಶ, ಗಾಯಕರ ಹೆಸರು, ಹಾಡಿನ ಭಾಷೆ, ಹಾಡಿನ ಸಾರ ಕನ್ನಡದಲ್ಲಿ ಒಂದೇ ಸಾಲು. "ಅಮ್ಮನ ನೆನಪು." "ಊರು ಬಿಟ್ಟು ಹೋಗುವವನ ಸಿಟ್ಟು." ಇಷ್ಟೇ. ಹಾಡುಗಳೆಲ್ಲಾ ಮಾರ್ಚ್ ಮಧ್ಯದ ಹೊತ್ತಿಗೆ ಬಿಡುಗಡೆಯಾಗಿರುತ್ತವೆ. ಸಾಹಿತ್ಯ, ಅದರ ಇಂಗ್ಲಿಷ್ ಅನುವಾದ ಯೂರೋವಿಷನ್ನಿನ ಅಧಿಕೃತ ತಾಣದಲ್ಲಿ ಸಿಗುತ್ತವೆ. ಚೀಟಿ ಬಂದವರೇ ತಮ್ಮ ದೇಶದ ಸಾಲು ಬರೆದು ಕಳಿಸುತ್ತಾರೆ, ನಾನು ಸೇರಿಸಿ ಪ್ರಿಂಟ್ ಹಾಕುತ್ತೇನೆ. ಹಾಡಿಗೆ ಮುಂಚೆ ಬರುವ ಪುಟ್ಟ ವೀಡಿಯೊ ಹೊತ್ತಲ್ಲಿ ಅವರು ಎದ್ದು ನಿಂತು ಆ ಸಾಲು ಓದುತ್ತಾರೆ. ಆಮೇಲೆ 3 ನಿಮಿಷ ಯಾರೂ ಮಾತಾಡುವಂತಿಲ್ಲ. ಹೇಳಿಸಿಕೊಂಡು ಮಾಡುವ ಮೌನವಲ್ಲ ಅದು. ಯಾರದೋ ಕೈಯಲ್ಲಿ ಆ ದೇಶ ಇದೆ ಅಂತ ಗೊತ್ತಿದ್ದರೆ ಬಾಯಿ ತಾನಾಗಿ ಮುಚ್ಚುತ್ತದೆ.

ಟಿವಿಯಲ್ಲಿ ನೋಡುವುದೋ, ಲ್ಯಾಪ್‌ಟಾಪ್‌ನಲ್ಲೋ?

ಜರ್ಮನಿಯಲ್ಲಿ ದಾಸ್ ಎರ್ಸ್ಟೆ ಚಾನೆಲ್‌ನಲ್ಲಿ ಬರುತ್ತದೆ, ಬ್ರಿಟನ್ನಿನಲ್ಲಿ ಬಿಬಿಸಿಯಲ್ಲಿ. ಯೂರೋವಿಷನ್ನಿನ ಯೂಟ್ಯೂಬ್ ಚಾನೆಲ್‌ನಲ್ಲೂ ನೇರ ಪ್ರಸಾರ ಇರುತ್ತದೆ, ಕೆಲವು ದೇಶಗಳಲ್ಲಿ ಅದಕ್ಕೆ ತಡೆ ಇದೆ. ಯೂಟ್ಯೂಬ್‌ನಲ್ಲಿ ವೀಕ್ಷಕ ವಿವರಣೆ ಇರುವುದಿಲ್ಲ, ಅದು ಕೆಲವರಿಗೆ ಇಷ್ಟ. ಜರ್ಮನ್ ಕಲಿಯುತ್ತಿರುವವರಿದ್ದರೆ ಚಾನೆಲ್ಲೇ ಹಾಕಿ, ಕಿವಿಗೆ ಒಳ್ಳೆ ಅಭ್ಯಾಸ.

ಒಂದು ಮಾತು ನೆನಪಿಡಿ. ಇಂಟರ್ನೆಟ್ ಪ್ರಸಾರ ಟಿವಿಗಿಂತ ಕೆಲವು ಸೆಕೆಂಡ್ ಹಿಂದೆ ಓಡುತ್ತದೆ. ಒಬ್ಬರು ಮೊಬೈಲ್‌ನಲ್ಲಿ ಇಟ್ಟುಕೊಂಡು, ಉಳಿದವರು ಟಿವಿ ನೋಡಿದರೆ, ಮೊಬೈಲ್‌ನವರಿಗೆ ಕಾಣುವ ಮೊದಲೇ ಟಿವಿ ನೋಡುವವರ ಬಾಯಿಂದ ಫಲಿತಾಂಶ ಬಿದ್ದುಹೋಗುತ್ತದೆ. ಅಂಕ ಹೇಳುವ ಹೊತ್ತಲ್ಲಿ ನಮ್ಮನೆಯಲ್ಲಿ ಮೊಬೈಲ್‌ಗಳೆಲ್ಲಾ ಬೆತ್ತದ ಬುಟ್ಟಿಗೆ. ಊರಿಂದ ಬರುವ ಮೆಸೇಜಿನದೂ ಇದೇ ಕಥೆ.

2022ರಲ್ಲಿ ನಾವು ಇಂಟರ್ನೆಟ್‌ನಲ್ಲಿ ನೋಡುತ್ತಿದ್ದೆವು. ತೀರ್ಪುಗಾರರ ಅಂಕ ಮುಗಿದು ಜನರ ಅಂಕ ಶುರುವಾಗುವಾಗ ನೆಟ್ ಹೋಯಿತು. ಹನ್ನೊಂದು ಜನ ಕಪ್ಪು ಪರದೆ ನೋಡುತ್ತಾ ಕೂತೆವು. ಮರುದಿನವೇ ಒಂದು ಸಣ್ಣ ಆಂಟೆನಾ ತಂದೆ. ಇಲ್ಲಿನ ಸಾರ್ವಜನಿಕ ಚಾನೆಲ್‌ಗಳು ಆಂಟೆನಾದಲ್ಲಿ ಉಚಿತವಾಗಿ ಬರುತ್ತವೆ. ಅದು ಈಗಲೂ ಟಿವಿ ಹಿಂದೆ ಸಿದ್ಧವಾಗಿರುತ್ತದೆ. ನೀವೂ ಒಂದು ಇಟ್ಟುಕೊಳ್ಳಿ.

ನಮ್ಮ ಮನೆಯ ಮಾರ್ಕ್ಸ್ ಹೇಗೆ ಹಾಕುವುದು?

ಅಸಲಿ ಸ್ಪರ್ಧೆಯ ಹಾಗೇ ಹಾಕಿ. ಪ್ರತಿಯೊಬ್ಬರೂ ತಮಗೆ ಇಷ್ಟವಾದ 10 ಹಾಡು ಆರಿಸಬೇಕು. ಮೊದಲನೆಯದಕ್ಕೆ 12, ಎರಡನೆಯದಕ್ಕೆ 10, ಆಮೇಲೆ 8, 7, 6 ಹೀಗೆ ಇಳಿದು 1ರವರೆಗೆ. 1975ರಿಂದ ಯೂರೋವಿಷನ್ನಿನ ಲೆಕ್ಕ ಇದೇ. ತಮ್ಮ ಚೀಟಿಯ ದೇಶಕ್ಕೆ ತಾವೇ ಅಂಕ ಕೊಡುವಂತಿಲ್ಲ, ಅಲ್ಲೂ ತಮ್ಮ ದೇಶಕ್ಕೆ ಮತ ಹಾಕುವಂತಿಲ್ಲ.

ಹಾಡು ಬರುತ್ತಿರುವಾಗ ಅಂತಿಮ ಅಂಕ ಹಾಕಬೇಡಿ. ಮೊದಲ ಹಾಡಿಗೆ 12 ಕೊಟ್ಟು ಆಮೇಲೆ ಪೇಚಾಡುವವರು ಬಹಳ. ಹಾಳೆಯಲ್ಲಿ ಹಾಡಿಗೊಂದು, ದನಿಗೊಂದು, ವೇದಿಕೆಗೊಂದು ಗೀಟು ಹಾಕಿಕೊಳ್ಳಿ. ಎಲ್ಲಾ ಮುಗಿದ ಮೇಲೆ ಗಿರ್ಮಿಟ್ ತಿನ್ನುತ್ತಾ ಪಟ್ಟಿ ಮಾಡಿ.

ಕೂಡುವಾಗ ತಪ್ಪಾಯಿತೋ ಇಲ್ಲವೋ ನೋಡಲು ಸುಲಭ ದಾರಿ ಇದೆ. ಒಬ್ಬರು ಕೊಡುವ ಒಟ್ಟು ಅಂಕ 58. ಹನ್ನೆರಡು ಜನ ಕೊಟ್ಟರೆ 696. ನಿಮ್ಮ ಗೋಡೆಯ ಚಾರ್ಟಿನ ಮೊತ್ತ ಅಷ್ಟೇ ಬಂದರೆ ಲೆಕ್ಕ ಸರಿ. ಮನೆಯ ಫಲಿತಾಂಶವನ್ನು ಟಿವಿ ಫಲಿತಾಂಶ ಶುರುವಾಗುವ ಮುಂಚೆ ಹೇಳಿಬಿಡಿ. ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಅಸಲಿ ಫಲಿತಾಂಶ ನಮಗೆ ಪ್ರತಿ ಸಲ ಗೊಂದಲ. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಪ್ರತಿ ದೇಶ ಎರಡು ಸಲ ಅಂಕ ಕೊಡುತ್ತದೆ. ಒಂದು ಸಂಗೀತ ಬಲ್ಲ ತೀರ್ಪುಗಾರರದು, ಇನ್ನೊಂದು ಮನೆಯಲ್ಲಿ ನೋಡುವ ಜನರದು. 2016ರಿಂದ ಇವೆರಡನ್ನೂ ಬೇರೆ ಬೇರೆಯಾಗಿ ಹೇಳುತ್ತಾರೆ. ಮೊದಲು ತೀರ್ಪುಗಾರರದು, ದೇಶದಿಂದ ದೇಶಕ್ಕೆ. ಆಮೇಲೆ ಜನರ ಅಂಕ ಒಟ್ಟಾಗಿ, ತೀರ್ಪುಗಾರರ ಪಟ್ಟಿಯಲ್ಲಿ ಕೊನೆಯಲ್ಲಿರುವ ದೇಶದಿಂದ ಮೇಲಕ್ಕೆ.

2022ರದ್ದೇ ನೋಡಿ. ತೀರ್ಪುಗಾರರ ಅಂಕ ಮುಗಿದಾಗ ಬ್ರಿಟನ್ 283 ಅಂಕದಿಂದ ಮುಂದಿತ್ತು. ಯುಕ್ರೇನ್ 192 ಪಡೆದು ನಾಲ್ಕನೆಯದು. ಆಮೇಲೆ ಜನ ಯುಕ್ರೇನಿಗೆ ಕೊಟ್ಟಿದ್ದು 439. ಒಟ್ಟು 631, ಗೆಲುವು. ಮುಂದಿನ ವರ್ಷ ಉಲ್ಟಾ. ಫಿನ್‌ಲೆಂಡಿನ ಕಾರಿಯಾಗೆ ಜನ 376 ಕೊಟ್ಟರು, ಸ್ವೀಡನ್ನಿನ ಲೋರೀನ್‌ಗೆ 243. ಆದರೆ ತೀರ್ಪುಗಾರರಿಂದ ಲೋರೀನ್‌ಗೆ 340 ಬಂದಿತ್ತು, ಕಾರಿಯಾಗೆ 150. ಲೋರೀನ್ ಗೆದ್ದರು. 2012ರ ನಂತರ ಅದು ಅವರ ಎರಡನೇ ಗೆಲುವು, ಎರಡು ಸಲ ಗೆದ್ದ ಮೊದಲ ಹೆಂಗಸು. ಆ ರಾತ್ರಿ ನಮ್ಮನೆಯಲ್ಲಿ ಎರಡು ಪಕ್ಷ ಆಗಿ, ಎರಡು ಗಂಟೆಯವರೆಗೆ ಯಾರೂ ಮನೆಗೆ ಹೋಗಲಿಲ್ಲ. ಮಾರ್ಕ್ಸ್ ಹಾಕಿದ್ದಕ್ಕೇ ಇಷ್ಟು ಮಾತು ಹುಟ್ಟುತ್ತದೆ, ನೋಡಿ.

ನಾವೂ ಮತ ಹಾಕಬಹುದಾ? ಊರಲ್ಲಿರುವವರು?

ಜರ್ಮನಿಯಲ್ಲಿದ್ದರೆ ಜರ್ಮನಿ ಬಿಟ್ಟು ಬೇರೆ ದೇಶಕ್ಕೆ ಹಾಕಬಹುದು. ಪೌರತ್ವ ಯಾರೂ ಕೇಳುವುದಿಲ್ಲ, ಫೋನ್ ಯಾವ ದೇಶದ್ದು ಅನ್ನುವುದೇ ಲೆಕ್ಕ. 2023ರಿಂದ ಸ್ಪರ್ಧೆಯಲ್ಲಿ ಇಲ್ಲದ ದೇಶಗಳವರಿಗೂ ಆನ್‌ಲೈನ್ ಮತ ಇದೆ. ಅವರೆಲ್ಲರ ಮತ ಸೇರಿ ಒಂದು ದೇಶದ ಅಂಕವಾಗುತ್ತದೆ. ಮತಕ್ಕೆ ದುಡ್ಡು ಕಟ್ಟಬೇಕು. ಮೊದಲು ಒಬ್ಬರು 20 ಮತ ಹಾಕಬಹುದಿತ್ತು, 2026ರಿಂದ 10ಕ್ಕೆ ಇಳಿಸಿದ್ದಾರೆ. ಫೈನಲ್‌ನಲ್ಲಿ 2024ರಿಂದ ಮೊದಲ ಹಾಡಿಗೂ ಮುಂಚೆಯೇ ಮತದಾನ ತೆರೆಯುತ್ತದೆ. ನನ್ನ ಮಾತು ಕೇಳುವುದಾದರೆ ಎಲ್ಲಾ ಹಾಡು ಕೇಳಿದ ಮೇಲೇ ಹಾಕಿ.

ಮಕ್ಕಳು ಅಷ್ಟು ಹೊತ್ತು ಎದ್ದಿರುತ್ತಾರಾ?

ಇರುವುದಿಲ್ಲ, ಇರಲಿ ಅಂತ ಒತ್ತಾಯವೂ ಬೇಡ. ಚೀಟಿ ಎತ್ತುವುದು, ಬಾವುಟಕ್ಕೆ ಬಣ್ಣ ಹಚ್ಚುವುದು, ಮೊದಲ ಐದಾರು ಹಾಡು ಇಷ್ಟು ಅವರದು. ಉಳಿದದ್ದನ್ನು ಭಾನುವಾರ ಬೆಳಿಗ್ಗೆ ದೋಸೆ ಜೊತೆ ಹಾಕಿ ಕೊಡಿ. ಗೆದ್ದವರು ಯಾರು ಅಂತ ದೊಡ್ಡವರು ಬಾಯಿ ಬಿಡಬಾರದು. ಮಕ್ಕಳದ್ದೇ ಬೇಕು ಅಂದರೆ ಜೂನಿಯರ್ ಯೂರೋವಿಷನ್ ಇದೆ. 2003ರಿಂದ ನಡೆಯುತ್ತಿದೆ, ವರ್ಷದ ಕೊನೆಗೆ ಬರುತ್ತದೆ.

ಕೆಲವು ಹಾಡುಗಳಲ್ಲಿ ದೀಪ ಜೋರಾಗಿ ಮಿನುಗುತ್ತವೆ. ಮೂರ್ಛೆ ರೋಗ ಇರುವವರಿದ್ದರೆ ಮೊದಲೇ ತಿಳಿಸಿ.

ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಅವರಿಗೆ ಬೇಜಾರಾಗುವುದಿಲ್ಲವಾ?

ಮೇ ತಿಂಗಳು ಅಂದರೆ ಎಲ್ಲರ ಮನೆಯಲ್ಲೂ ದೊಡ್ಡವರು ಬಂದಿರುವ ಕಾಲ. 2025ರಲ್ಲಿ ನನ್ನ ಅವ್ವ ಇಲ್ಲಿದ್ದಳು. ಅವಳಿಗೂ ಚೀಟಿ ಕೊಟ್ಟೆವು, ಆಸ್ಟ್ರಿಯಾ ಬಂತು. ಜೆಜೆ ಶಾಸ್ತ್ರೀಯವಾಗಿ ಕಲಿತ ಕೌಂಟರ್‌ಟೆನರ್, ಅಂದರೆ ಗಂಡಸಾದರೂ ಹೆಂಗಸಿನ ಎತ್ತರದ ಶ್ರುತಿಯಲ್ಲಿ ಹಾಡುವವರು. ಕಪ್ಪು ಬಿಳುಪಿನ ಸಮುದ್ರ, ಬಿರುಗಾಳಿ, ನಡುವೆ ಒಂದು ದೋಣಿ. ಅವ್ವ ಕೈಯಲ್ಲಿದ್ದ ಹೂಬತ್ತಿ ಕೆಳಗಿಟ್ಟಳು. "ಎಂಥಾ ಶಾರೀರ ಐತಿ ನೋಡು ಈ ಹುಡುಗಂದು!" ಅಂದಳು. ಆಮೇಲೆ ಫಲಿತಾಂಶದವರೆಗೆ ಮಲಗಲು ಒಪ್ಪಲೇ ಇಲ್ಲ. ತನ್ನ ದೇಶ ಗೆದ್ದಾಗ ಒಳಗೆ ಹೋಗಿ ದೇವರ ಮುಂದಿನ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದಳು.

ಅವರಿಗೆ ಬೆನ್ನಿಗೆ ಆಸರೆ ಇರುವ ಕುರ್ಚಿ ಕೊಡಿ, ಸಾರದ ಹಾಳೆಯನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಕೊಡಿ. ಬೇರೆ ಏನೂ ಬೇಕಿಲ್ಲ.

ಪಕ್ಕದ ಮನೆಯವರು ಗಲಾಟೆ ಅಂತ ಬೈದರೆ?

ಜರ್ಮನಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಸದ್ದು ನಿಮ್ಮ ಕೋಣೆಯ ಒಳಗೇ ಇರಬೇಕು. ವರ್ಷಕ್ಕೊಮ್ಮೆ ಜೋರಾಗಿ ಪಾರ್ಟಿ ಮಾಡುವ ಹಕ್ಕಿದೆ ಅಂತ ಬಹಳ ಜನ ನಂಬಿದ್ದಾರೆ. ಅಂಥ ಕಾನೂನು ಇಲ್ಲ. ಸ್ಪರ್ಧೆಯ ಮುಕ್ಕಾಲು ಭಾಗ 10ರ ನಂತರವೇ ಬರುವುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 10 ಆದ ಕೂಡಲೇ ಕಿಟಕಿ ಮುಚ್ಚಿ, ಟಿವಿಯ ಗುಂಯ್ ಅನ್ನುವ ಬೇಸ್ ಸದ್ದು ಇಳಿಸಿ. ಕೆಳಗಿನ ಮನೆಗೆ ಮೊದಲು ಕೇಳುವುದು ಅದೇ. ಎದ್ದು ಕುಣಿಯುವವರಿಗೆ ಕಾಲಡಿ ದಪ್ಪ ಜಮಖಾನ ಹಾಸಿ.

ಒಂದು ವಾರ ಮುಂಚೆ ಮೆಟ್ಟಿಲ ಹತ್ತಿರ ಚೀಟಿ ಅಂಟಿಸುತ್ತೇವೆ, ಇಂಥ ದಿನ ಯೂರೋವಿಷನ್ ನೋಡುತ್ತೇವೆ, ತೊಂದರೆಯಾದರೆ ಬೆಲ್ ಮಾಡಿ, ಇಷ್ಟವಿದ್ದರೆ ಬನ್ನಿ ಅಂತ. ಎರಡನೇ ವರ್ಷ ನಿಜವಾಗಿಯೂ ಬೆಲ್ ಆಯಿತು. ಕೆಳಗಿನ ಮನೆಯ ಅಜ್ಜಿ. ಬೈಯಲು ಬಂದರು ಅಂದುಕೊಂಡರೆ ಕೈಯಲ್ಲಿ ಕೇಕಿನ ತಟ್ಟೆ. 1982ರಲ್ಲಿ ನಿಕೋಲ್ ಅನ್ನುವ ಹುಡುಗಿ ಬಿಳಿ ಗಿಟಾರ್ ಹಿಡಿದು ಜರ್ಮನಿಗೆ ಮೊದಲ ಗೆಲುವು ತಂದಿದ್ದು, ಮಾರನೇ ವರ್ಷ ಸ್ಪರ್ಧೆ ಇದೇ ಮ್ಯೂನಿಕ್‌ನಲ್ಲಿ ನಡೆದಿದ್ದು, ಎಲ್ಲಾ ಹೇಳಿದರು. ಎರಡನೇ ಗೆಲುವಿಗೆ 2010ರವರೆಗೆ ಕಾಯಬೇಕಾಯಿತು, ಆಗ ಲೇನಾ ಗೆದ್ದಾಗ ಒಬ್ಬರೇ ಕೂತು ನೋಡಿದ್ದರಂತೆ. ಈಗ ಪ್ರತಿ ವರ್ಷ ಜರ್ಮನಿಯ ಚೀಟಿ ಅವರದೇ. ಗಿರ್ಮಿಟ್ ಖಾರ ಕಮ್ಮಿ ಮಾಡಿ ಒಂದು ಬಟ್ಟಲು ಬೇರೆ ತೆಗೆದಿಡುತ್ತೇನೆ.

ರಾಜಕೀಯದ ಮಾತು ಬಂದು ಜಗಳವಾದರೆ?

ಬರುತ್ತದೆ. ಇಸ್ರೇಲ್ ಭಾಗವಹಿಸುವುದನ್ನು ವಿರೋಧಿಸಿ 2026ರ ಸ್ಪರ್ಧೆಯಿಂದ ಸ್ಪೇನ್, ಐರ್ಲೆಂಡ್, ನೆದರ್ಲೆಂಡ್ಸ್, ಸ್ಲೊವೇನಿಯಾ, ಐಸ್‌ಲೆಂಡ್ ಹಿಂದೆ ಸರಿದಿವೆ. ನೋಡುವುದೋ ಬೇಡವೋ ಅನ್ನುವುದೂ ಒಬ್ಬೊಬ್ಬರ ಮನಸ್ಸಿಗೆ ಬಿಟ್ಟಿದ್ದು. ಬರುವುದಿಲ್ಲ ಅಂದವರನ್ನು ಒತ್ತಾಯಿಸಬೇಡಿ, ಬೇರೆ ದಿನ ಊಟಕ್ಕೆ ಕರೆಯಿರಿ. ಯಾವುದಾದರೂ ದೇಶದ ಚೀಟಿ ಬೇಡ ಅಂದವರಿಗೆ ಕಾರಣ ಕೇಳದೆ ಬದಲಿಸಿ ಕೊಡಿ. ಮಾತು ನಡೆಯಲಿ, ಆದರೆ ಹಾಡಿನ 3 ನಿಮಿಷ ಬಿಟ್ಟು.

ಸುಮ್ನೆ ಕೂತು ನೋಡುವುದಷ್ಟೇನಾ? ಆಟ ಏನಾದರೂ?

ನಮ್ಮನೆಯಲ್ಲಿ ಹೌಸಿ ಥರ ಒಂದು ಆಟ ಇದೆ. ಚೌಕಗಳಲ್ಲಿ ಬರೆದಿರುವುದು ಇಂಥವು: ಫ್ಯಾನ್ ಗಾಳಿಗೆ ಕೂದಲು ಹಾರಿತು, ಬರಿಗಾಲಲ್ಲಿ ಹಾಡಿದರು, ವೇದಿಕೆಯಲ್ಲೇ ಬಟ್ಟೆ ಬದಲಾಯಿತು, ಬೆಂಕಿ ಬಂತು, ಕೊನೆಯ ಪಲ್ಲವಿಗೆ ಶ್ರುತಿ ಏರಿತು, ಅಂಕ ಹೇಳುವವರು ಬೇಗ ಹೇಳದೆ ಮಾತು ಬೆಳೆಸಿದರು. ಸಾಲು ತುಂಬಿದವರಿಗೆ ಒಂದು ಮೈಸೂರು ಪಾಕ್. ಸಂಗೀತ ಕಲಿತವರು ಶ್ರುತಿ ಏರಿದ್ದನ್ನು ಬೇಗ ಹಿಡಿಯುತ್ತಾರೆ. ಕಲಿಯದವರೂ ಎರಡು ವರ್ಷದಲ್ಲಿ ಹಿಡಿಯುತ್ತಾರೆ, ನಾನೇ ಸಾಕ್ಷಿ.

ಕನ್ನಡ ಸಂಘದ ವತಿಯಿಂದ ಹಾಲ್‌ನಲ್ಲಿ ದೊಡ್ಡದಾಗಿ ಮಾಡಬಹುದಾ?

ಮನೆಯಲ್ಲಿ ಗೆಳೆಯರ ಜೊತೆ ನೋಡಲು ಯಾರ ಅನುಮತಿಯೂ ಬೇಡ. ಸಾರ್ವಜನಿಕವಾಗಿ ತೋರಿಸುವುದಾದರೆ, ಅದರಲ್ಲೂ ಟಿಕೆಟ್ ಇಟ್ಟರೆ, ಪ್ರಸಾರ ಮಾಡುವ ಸಂಸ್ಥೆಯನ್ನು ಕೇಳಬೇಕು. ಜರ್ಮನಿಯಲ್ಲಿ ಸಂಗೀತದ ಹಕ್ಕು ನೋಡಿಕೊಳ್ಳುವ ಗೇಮಾ ಲೈಸೆನ್ಸ್ ವಿಚಾರವೂ ಬರುತ್ತದೆ. ಎರಡು ತಿಂಗಳು ಮುಂಚೆಯೇ ವಿಚಾರಿಸಿ.

ಸರಿಗಮಪ ಫಿನಾಲೆಗೂ ಹೀಗೇ ಮಾಡಬಹುದಾ?

ಖಂಡಿತ. ಝೀ ಕನ್ನಡದ ಸರಿಗಮಪ ಹಾಕಿಕೊಂಡು ಮಾಡುವವರು ನಮ್ಮ ಬಳಗದಲ್ಲೂ ಇದ್ದಾರೆ. ವ್ಯತ್ಯಾಸ ಏನಂದರೆ ಅಲ್ಲಿ ಹಾಡು ನಮಗೆ ಮೊದಲೇ ಗೊತ್ತು, ಹಾಡುವವರನ್ನು ತೂಗುತ್ತೇವೆ. ಯೂರೋವಿಷನ್‌ನಲ್ಲಿ ಹಾಡೇ ಹೊಸದು. ಹಾಗಾಗಿ ಸರಿಗಮಪಕ್ಕೆ ಸಾರದ ಹಾಳೆ ಬೇಡ, ಬದಲಿಗೆ ಸ್ಪರ್ಧಿಯ ಊರಿನ ತಿಂಡಿ ಇಡಿ. ಚೀಟಿಯಲ್ಲಿ ದೇಶದ ಬದಲು ಸ್ಪರ್ಧಿಯ ಹೆಸರು. 58ರ ಲೆಕ್ಕ ಆಗದು, ಸ್ಪರ್ಧಿಗಳು ಕಮ್ಮಿ ಇರುತ್ತಾರೆ. ಮೂವರನ್ನು ಆರಿಸಿ 12, 10, 8 ಕೊಟ್ಟರೆ ಸಾಕು.

ಮಾರನೇ ದಿನ?

ಗೋಡೆಯ ಚಾರ್ಟ್ ಹರಿಯುವ ಮುಂಚೆ ಫೋಟೊ ತೆಗೆದು ಎಲ್ಲರಿಗೂ ಕಳಿಸಿ. ದೇಶದ ಚೀಟಿಗಳನ್ನು ಡಬ್ಬಿಗೇ ಹಾಕಿ ಎತ್ತಿಡಿ, ಮುಂದಿನ ವರ್ಷಕ್ಕೆ ಆಗುತ್ತವೆ. ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕಲು ಭಾನುವಾರ ಹೋಗಬೇಡಿ, ಇಲ್ಲಿ ಆ ಸದ್ದಿಗೂ ರಜೆ. ಸೋಮವಾರ ಕೆಲಸಕ್ಕೆ ಹೋಗುವಾಗ ಹಾಕಿ. ಉಳಿದ ಗೊಜ್ಜು ಇದ್ದರೆ ಅವಲಕ್ಕಿಗೆ ಕಲಸಿ, ಬೆಳಿಗ್ಗೆಯ ತಿಂಡಿ ಆಯಿತು.